ಶೀತ ಸೋಸುವ ಬಟ್ಟೆ

ಗುಂಡ್ಲುಪೇಟೆಯಲ್ಲಿ ಗಾಳಿಯ ಮೇಲೆ ಹಗೆ ಸಾಧಿಸುತ್ತಿದ್ದವಳು ಚಿಕ್ಕಮಾದಮ್ಮ ಒಬ್ಬಳೇ. ಮಿಕ್ಕವರಿಗೆ ಗಾಳಿ ಬೇಸಿಗೆಯಲ್ಲಿ ಬೇಕು, ಮಾಗಿಯಲ್ಲಿ ಬೇಡ, ರಾಗಿ ತೂರುವ ಹೊತ್ತಿಗೆ ಬಂದರೆ ಪುಣ್ಯ. ಅವಳ ಪಾಲಿಗೆ ಮಾತ್ರ ಗಾಳಿ ಎಂದರೆ ಬಾಣಂತಿಯ ಕಿವಿ ಹುಡುಕಿಕೊಂಡು ಊರೂರು ಅಲೆಯುವ ಪೋಕರಿ. ಬಾಗಿಲಲ್ಲಿ ಬಂದರೆ ಬೈದು ಕಳಿಸಬಹುದು. ಆದರೆ ಆ ಪೋಕರಿ ಬಾಗಿಲಲ್ಲಿ ಎಲ್ಲಿ ಬರುತ್ತದೆ? ಬೀಗದ ತೂತಿನಲ್ಲಿ ನುಸುಳುತ್ತದೆ, ಹೆಂಚಿನ ಸಂದಿಯಲ್ಲಿ ಇಳಿಯುತ್ತದೆ, ಹೊಸಿಲ ಕೆಳಗೆ ಹೊಟ್ಟೆ ಎಳೆದುಕೊಂಡು ಬರುತ್ತದೆ.

ಚಿಕ್ಕಮಾದಮ್ಮನ ಕಸುಬು ಬಾಣಂತಿಗೂ ಕೂಸಿಗೂ ನೀರು ಹಾಕುವುದು. ತನ್ನೂರು ಹಂಗಳದಿಂದ ಬೆಳಗಿನ ಬಸ್ಸಿಗೆ ಬಂದು ಇಳಿದರೆ, ಯಾವ ಮನೆಯಲ್ಲಿ ಹೆರಿಗೆಯಾಗಿದೆಯೋ ಆ ಮನೆಯ ಬಚ್ಚಲಲ್ಲಿ ಹಂಡೆ ಕುದಿಯುತ್ತಿರಬೇಕು. ಅವಳು ನೇರ ಹಂಡೆಯ ಹತ್ತಿರ ಹೋಗುತ್ತಿರಲಿಲ್ಲ. ಮೊದಲು ಬಾಣಂತಿ ಕೋಣೆಯೊಳಗೆ ಅಂಗೈ ಮುಂದೆ ಚಾಚಿಕೊಂಡು, ಗೋಡೆಯುದ್ದಕ್ಕೂ ಒಂದು ಸುತ್ತು ಬರುತ್ತಿದ್ದಳು. ಎಲ್ಲಿ ಅಂಗೈಗೆ ತಣ್ಣಗೆ ತಾಗಿತೋ ಅಲ್ಲಿಗೆ ಹತ್ತಿ ತುರುಕುವುದು, ಬಟ್ಟೆ ಜಡಿಯುವುದು, ಕಿಟಕಿಯ ಸಂದಿಗೆ ಹಳೆಯ ಪೇಪರು ಅಂಟಿಸುವುದು. ಸೂರಿನಲ್ಲಿ ಫ್ಯಾನಿದ್ದರೆ ಅದರ ಮೂರೂ ರೆಕ್ಕೆಗಳನ್ನು ಹರಕು ಪಂಚೆಯಲ್ಲಿ ಸುತ್ತಿ ಕೊಕ್ಕೆಗೆ ಬಿಗಿಯುತ್ತಿದ್ದಳು. ಯಾರಾದರೂ ಮರೆತು ಸ್ವಿಚ್ಚು ಒತ್ತಿದರೆ ಫ್ಯಾನು ಕಟ್ಟಿಹಾಕಿದ ಎತ್ತಿನಂತೆ ಅಲ್ಲೇ ಮುಲುಗುತ್ತಿತ್ತು.

ಇಷ್ಟು ಕಾವಲು ಕಾದವಳಿಗೆ ಒಂದಿಷ್ಟು ಜಂಬ ಇರಬೇಡವೇ? ಇತ್ತು. "ನಾ ನೀರಾಕ್ದ ಕೂಸು ಒಂದೇ ಒಂದು ಸೀನ್ದುದ್ದು ತೋರ್ಸ್‌ಬುಡಿ ನೋಡ್ವ," ಎಂದು ಬಸ್ಸಿನಲ್ಲೂ ಸಂತೆಯಲ್ಲೂ ಸವಾಲು ಹಾಕುತ್ತಿದ್ದಳು. ಯಾರಿಂದಲೂ ತೋರಿಸಲಾಗಲಿಲ್ಲ. ಯಾಕೆಂದರೆ ಕೂಸು ಅವಳೆದುರು ಆಕ್ಷೀ ಎಂದ ತಕ್ಷಣ ಅವಳು, "ಸೀನ್ಲಿಲ್ಲ ಕಣವ್ವ, ನಗ್ತು. ನಗ ಮೂಗಲ್ಲಿ ಬಂತು," ಎಂದುಬಿಡುತ್ತಿದ್ದಳು. ಅವಳ ಲೆಕ್ಕ ಹಿಡಿದರೆ ಮಾಗಿಯ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಕೂಸುಗಳು ಬೆಳಗಿನಿಂದ ಬೈಗಿನವರೆಗೆ ಬರೀ ನಗುತ್ತಲೇ ಇದ್ದವು. ಎದುರು ಮಾತಾಡುವ ಧೈರ್ಯ ಯಾವ ತಾಯಿಗೂ ಇರಲಿಲ್ಲ, ಏಕೆಂದರೆ ಆ ತಾಯಿಯೂ ಇವಳ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವಳೇ ಆಗಿರುತ್ತಿದ್ದಳು.

ಹಾಗೆ ಮಲಗಿದ್ದ ಕೂಸುಗಳಲ್ಲಿ ಕಾವ್ಯಶ್ರೀಯೂ ಒಬ್ಬಳು. ಊಟಿ ರಸ್ತೆಯ ಅರಿಶಿನದ ವ್ಯಾಪಾರಿ ಶಾಂತಮಲ್ಲಪ್ಪ, ಅವರ ಹೆಂಡತಿ ಶಾಂತಮಲ್ಲಮ್ಮ, ಇಬ್ಬರಿಗೂ ಒಬ್ಬಳೇ ಮಗಳು. ಚಿಕ್ಕಮಾದಮ್ಮನ ಕೈಯಲ್ಲಿ ಮೂಗು ತಿದ್ದಿಸಿಕೊಂಡ ಮಿಕ್ಕ ಕೂಸುಗಳೆಲ್ಲ ಬೆಳೆದು, ಪ್ಯಾಂಟು ಚೂಡಿದಾರ ಹಾಕಿಕೊಂಡು, ಎದುರಿಗೆ ಸಿಕ್ಕರೆ ಯಾರೋ ಎಂಬಂತೆ ಹೋಗಿಬಿಡುತ್ತಿದ್ದವು. ಅದು ಅವಳಿಗೆ ಒಳಗೊಳಗೇ ಚುರುಕ್ ಎನ್ನುತ್ತಿತ್ತು. ಕಾವ್ಯಶ್ರೀ ಹಾಗಲ್ಲ. ಕಾಲೇಜಿನ ಗೆಳತಿಯರ ಗುಂಪಿನ ನಡುವಿನಿಂದಲೇ "ಮಾದಜ್ಜೀ" ಎಂದು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿ, ಓಡಿಬಂದು ಕೈ ಹಿಡಿದು ಮಾತಾಡಿಸುವವಳು. ಈ ಹುಡುಗಿಯ ಕೂಸಿಗೂ ತಾನೇ ನೀರು ಹಾಕಬೇಕು, ಆಮೇಲೆ ಕಸುಬು ಬಿಟ್ಟರೂ ಚಿಂತೆಯಿಲ್ಲ ಎಂದು ಚಿಕ್ಕಮಾದಮ್ಮ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಕಾವ್ಯಶ್ರೀಯನ್ನು ಕೊಟ್ಟಿದ್ದು ಚಾಮರಾಜನಗರಕ್ಕೆ. ಅಳಿಯ ಬಸವಪ್ರಸಾದನದು ಅಲ್ಲಿ ಫ್ಯಾನು, ಮಿಕ್ಸಿ, ಟೀವಿ ಮಾರುವ ಅಂಗಡಿ. ಒಳ್ಳೆಯ ಹುಡುಗನೇ, ಆದರೆ ಹಿಂದಿನ ವರ್ಷ ಚಾಮರಾಜನಗರ ಜಿಲ್ಲೆ ಆಗಿಬಿಟ್ಟಿತ್ತು ನೋಡಿ, ಅದರ ಅರ್ಧ ಭಾರ ತನ್ನ ಹೆಗಲ ಮೇಲೇ ಬಿದ್ದಿದೆ ಎಂಬಂತೆ ನಡೆಯುತ್ತಿದ್ದ. ಮಾವನ ಮನೆಗೆ ಬಂದರೆ "ನಿಮ್ಮ ತಾಲ್ಲೂಕಿನಲ್ಲಿ ಮಳೆ ಹೇಗೆ?" ಎಂದು ಕೇಳುವನು. ಜಿಲ್ಲೆಯಾಯಿತು, ಇನ್ನು ದೊಡ್ಡ ದೊಡ್ಡ ಸಾಹೇಬರು ಬರುತ್ತಾರೆ, ಬಂದ ಸಾಹೇಬರಿಗೆ ಏಸಿ ಬೇಕೇ ಬೇಕು ಎಂದು ಅಂದಾಜು ಮಾಡಿ ಅಂಗಡಿಗೆ ಒಂದು ಏಸಿ ತರಿಸಿದ. ಸಾಹೇಬರು ಬಂದರು. ಬಂದವರು ಅದರ ಮುಂದೆ ನಿಂತು ತಲೆದೂಗಿ, ಟೇಬಲ್ ಫ್ಯಾನು ತೆಗೆದುಕೊಂಡು ಹೋದರು. ಏಸಿ ಆಯುಧಪೂಜೆಯಲ್ಲಿ ಕುಂಬಳಕಾಯಿ ಒಡೆಸಿಕೊಂಡು, ವಿಭೂತಿ ಬಳಿಸಿಕೊಂಡು, ಹಾಗೇ ಮೂಲೆ ಹಿಡಿಯಿತು.

ಇತ್ತ ಬೇಸಿಗೆಯ ನಡುವಿಗೆ ಕಾವ್ಯಶ್ರೀಗೆ ಹೆಣ್ಣುಕೂಸಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ ತಾನೆ? ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಬಸವಪ್ರಸಾದ ಆ ಏಸಿಯನ್ನು ಟೆಂಪೋಗೆ ಹೇರಿಸಿ, ತಾನು ಸ್ಕೂಟರಿನಲ್ಲಿ ಅದರ ಹಿಂದೆಯೇ ಬಂದ.

"ನನ್ನ ಮಗಳು ಸೆಕೆಯಲ್ಲಿ ಬೇಯಬಾರದು ಮಾವ," ಎಂದ ಶಾಂತಮಲ್ಲಪ್ಪನವರಿಗೆ. "ಇದು ಓಡ್ತಾ ಇರೋ ತನಕ ತಾಯಿ ಮಗು ಇಲ್ಲೇ ಇರಲಿ. ನಿಲ್ಲಿಸಿದ್ದೀರಿ ಅಂತ ಗೊತ್ತಾದರೆ ಅವತ್ತೇ ಕರ್ಕೊಂಡು ಹೋಗ್ತೀನಿ. ಚಾಮರಾಜನಗರದಲ್ಲಿ ನಮ್ಮವ್ವ ನೋಡ್ಕೊಳ್ತಾರೆ, ನೀರು ಹಾಕೋರೂ ಇದ್ದಾರೆ."

ಮರುದಿನ ಬೆಳಿಗ್ಗೆ ಚಿಕ್ಕಮಾದಮ್ಮ ಹರಳೆಣ್ಣೆ ಬಟ್ಟಲು ಹಿಡಿದು ಕೋಣೆಗೆ ಕಾಲಿಟ್ಟಳು. ಹೆರಿಗೆಗೆ ಮುಂಚೆಯೇ ಬಂದು, ಮೂರು ಪದರ ಪೇಪರು ಅಂಟಿಸಿ, ಸಂದಿಗೆ ಗೋಡುಮಣ್ಣು ಮೆತ್ತಿ, ತಾನೇ ಕೈಯಾರೆ ಮುಚ್ಚಿದ್ದ ಕಿಟಕಿಯನ್ನು ಒಡೆದು ಅಲ್ಲೊಂದು ಪೆಟ್ಟಿಗೆ ಕೂರಿಸಿದ್ದರು. ಪೆಟ್ಟಿಗೆ ಗುರ್ ಎನ್ನುತ್ತಿತ್ತು. ಅಭ್ಯಾಸದಂತೆ ಅಂಗೈ ಚಾಚಿದಳು. ಜೀವಮಾನದಲ್ಲಿ ಕಾಣದಷ್ಟು ತಣ್ಣನೆಯ ಗಾಳಿ ಬಂದು ಮೊಣಕೈವರೆಗೂ ತಾಗಿತು.

"ಅಯ್ಯೋ ಮಾದಪ್ಪ!" ಎಂದು ಎಣ್ಣೆ ಬಟ್ಟಲನ್ನು ಅಲ್ಲೇ ಕುಕ್ಕಿದಳು. "ಗಾಳಿ ಬರ್ದಂಗ ಮುಚ್ಚುದ್ ಕಿಟಕೀಗ ಗಾಳಿ ಮಾಡೋ ಮಿಶನ್ ತಂದು ಮಡ್ಗಿದ್ದರಲ್ಲ! ಇದ್ಯಾರವ್ವ ಈ ಕೂಸಿನ ಮ್ಯಾಲ ಹಗೆ ತೀರ್ಸ್ಕತಾ ಇರೋದು?"

ಹಗೆ ತೀರಿಸಿಕೊಳ್ಳುತ್ತಿದ್ದ ಅಳಿಯಂದಿರು ಅಲ್ಲೇ ಕಾಫಿ ಕುಡಿಯುತ್ತಿದ್ದರು. ಬಸವಪ್ರಸಾದನಿಗೆ ಗಿರಾಕಿಯ ಮುಂದೆ ಸಾಮಾನಿನ ಗುಣ ಹೇಳುವ ಅಭ್ಯಾಸ. ಎದ್ದು ಬಂದು ಏಸಿಯ ಮುಂದಿನ ಮುಚ್ಚಳ ತೆಗೆದು, ಒಳಗಿನಿಂದ ಒಂದು ತೆಳ್ಳನೆಯ ಬಲೆಯನ್ನು ಜಾರಿಸಿ ಹೊರಗೆಳೆದ.

"ನೋಡಜ್ಜಿ, ಹೆದರಬೇಡ. ಇದಕ್ಕೆ ಫಿಲ್ಟರ್ ಅಂತಾರೆ. ಗಾಳಿಯಲ್ಲಿ ಮಗುವಿಗೆ ಆಗದೆ ಇರೋದು ಏನಿದೆಯೋ ಅದೆಲ್ಲ ಇದರಲ್ಲೇ ನಿಂತುಬಿಡುತ್ತೆ. ಆವಾಗಾವಾಗ ತೆಗೆದು ತೊಳೀಬೇಕು, ಹರಿದರೆ ಬೇರೆ ಹಾಕಬೇಕು. ಇದೊಂದು ಸರಿಯಾಗಿದ್ದರೆ ಯಾವ ಭಯವೂ ಇಲ್ಲ."

ಇಷ್ಟು ಹೇಳಿ ಅವನು ಸ್ಕೂಟರು ಹತ್ತಿ ತೆರಕಣಾಂಬಿ ದಾರಿ ಹಿಡಿದು ಹೊರಟುಹೋದ. ಚಿಕ್ಕಮಾದಮ್ಮ ಆ ಬಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳು ದಡ್ಡಿಯಲ್ಲ. ಅಳಿಯಂದಿರ ಮಾತು ಅವಳಿಗೆ ಪೂರ್ತಿ ಅರ್ಥವಾಗಿತ್ತು, ಒಪ್ಪಿಗೆಯೂ ಆಗಿತ್ತು. ಗಾಳಿಯಲ್ಲಿ ಕೂಸಿಗೆ ಆಗದೆ ಇರುವುದು ಯಾವುದು? ಶೀತ. ಫಿಲ್ಟರಿನ ಕೆಲಸವೇನು? ಅದನ್ನು ತಡೆಯುವುದು. ಹಾಗಿದ್ದರೆ ಈ ಫಿಲ್ಟರು ಕೆಲಸಕ್ಕೆ ಬಾರದ್ದು.

"ಅವ್ವಾರೆ, ಇದ್ರಲ್ಲಿ ರಾಗಿ ಹಿಟ್ಟೇ ನಿಲ್ಲಕಿಲ್ಲ, ಶೀತ ನಿಂತದಾ?" ಎಂದು ಶಾಂತಮಲ್ಲಮ್ಮನವರ ಕಣ್ಣಿಗೆ ಹಿಡಿದಳು. "ಮಿಶನ್ ನಿಲ್ಸದ್ ಬ್ಯಾಡ. ನಿಲ್ಸುದ್ರ ಅಳಿಯಂದ್ರು ಕರ್ಕಂಡೋಯ್ತರ. ಓಡ್ಕಳ್ಳಿ ಅದ್ರ ಪಾಡ್ಗ. ನಾವು ಫಿಲ್ಟ್ರು ಬದ್ಲಾಯ್ಸ್‌ಬುಡವ."

ಶಾಂತಮಲ್ಲಮ್ಮನವರಿಗೆ ಹೋದ ಜೀವ ಬಂದಂತಾಯಿತು. ಮಗಳೂ ಉಳಿಯುತ್ತಾಳೆ, ಗಾಳಿಯೂ ತಾಗುವುದಿಲ್ಲ, ಅಳಿಯಂದಿರ ಮಾತೂ ನಡೆಯುತ್ತದೆ. ಇದಕ್ಕಿಂತ ಇನ್ನೇನು ಬೇಕು?

ಅವತ್ತಿನಿಂದ ಆ ಮನೆಯಲ್ಲಿ ಫಿಲ್ಟರಿನ ಆಯ್ಕೆ ಶುರುವಾಯಿತು. ಹೆಣ್ಣು ನೋಡುವುದಕ್ಕೂ ಅಷ್ಟು ಸೂಕ್ಷ್ಮ ನೋಡುತ್ತಾರೋ ಇಲ್ಲವೋ! ಬಲೆ ಇದ್ದ ಜಾಗಕ್ಕೆ ಒಂದೊಂದೇ ಬಟ್ಟೆ ತುರುಕುವುದು, ಮುಚ್ಚಳ ಹಾಕುವುದು, ಆಮೇಲೆ ಏಸಿಯ ಬಾಯಿಗೆ ಹಚ್ಚಿದ ಹಣತೆ ಹಿಡಿಯುವುದು. ಕಾವ್ಯಶ್ರೀಯ ವಾಯಿಲ್ ಸೀರೆ ಹಾಕಿದಾಗ ದೀಪ ಫಕ್ಕನೆ ಆರಿತು. ಶಾಂತಮಲ್ಲಪ್ಪನವರ ಒಗೆದ ಪಂಚೆಗೆ ದೀಪ ಮಲಗಿ ಎದ್ದಿತು. ಟರ್ಕಿ ಟವೆಲ್ಲಿಗೆ ಸ್ವಲ್ಪ ನಡುಗಿತು. ಕರಿ ಕಂಬಳಿಗೆ ಅಲುಗಾಡದೆ ನಿಂತಿತು, ಆದರೆ ಕಂಬಳಿಯ ದಪ್ಪಕ್ಕೆ ಮುಚ್ಚಳ ಕೂರಲಿಲ್ಲ. ಶಾಂತಮಲ್ಲಪ್ಪನವರು ಬಂದು ಗುದ್ದಿ ನೋಡಿದರು, ಅವರ ಮಣಿಕಟ್ಟು ಉಳುಕಿತು.

ಕೊನೆಗೆ ಚಿಕ್ಕಮಾದಮ್ಮ ತನ್ನದೇ ಒಂದು ಹಳೆಯ ಸೀರೆ ತಂದಳು. ಒಗೆದು ಒಗೆದು ಬೆಣ್ಣೆಯಂತಾದ ನೂಲಿನ ಸೀರೆ. ಅದನ್ನು ಪದರ ಪದರವಾಗಿ ಮಡಿಸಿ, ಪದರಗಳ ನಡುವೆ ಓಮ, ಬೆಳ್ಳುಳ್ಳಿ ಸಿಪ್ಪೆ, ಬಜೆಯ ಚೂರು ಹರಡಿ, ಕೌದಿಯ ಹಾಗೆ ದಬ್ಬಣದಿಂದ ಹೊಲಿದಳು. ಏಸಿಯೊಳಗೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಣತೆ ಹಿಡಿದರು. ಜ್ಯೋತಿ ಗುಡಿಯ ಗರ್ಭಗುಡಿಯಲ್ಲಿ ನಿಂತಂತೆ ನೆಟ್ಟಗೆ ನಿಂತಿತು.

"ಇದು ಫಿಲ್ಟ್ರು," ಎಂದಳು ಚಿಕ್ಕಮಾದಮ್ಮ.

ನ್ಯಾಯವಾಗಿ ಹೇಳಬೇಕೆಂದರೆ, ಅವಳಷ್ಟು ಶ್ರದ್ಧೆಯಿಂದ ಏಸಿ ಫಿಲ್ಟರನ್ನು ನೋಡಿಕೊಂಡವರು ಈ ಭೂಮಿಯ ಮೇಲೆ ಇರಲಾರರು. ಅಂಥವೇ ಇನ್ನೆರಡು ಕೌದಿ ಹೊಲಿದಿಟ್ಟುಕೊಂಡು ಸೋಮವಾರ, ಶುಕ್ರವಾರ ಬದಲಾಯಿಸುತ್ತಿದ್ದಳು. ತೆಗೆದದ್ದನ್ನು ಸೀಗೆನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿ, ಸಾಂಬ್ರಾಣಿ ಹೊಗೆ ಹಿಡಿಸಿ, ಮತ್ತೆ ಹೊಸ ಓಮ ತುಂಬಿಸುವಳು. ಅಳಿಯಂದಿರ ಕಡೆಯ ಬಲೆಯನ್ನೂ ಯಾರೂ ಎಸೆಯಲಿಲ್ಲ. ಏಸಿಯ ಬೆನ್ನು ಮನೆಯ ಹಿಂದಿನ ಓಣಿಗೆ ಚಾಚಿಕೊಂಡಿತ್ತು, ಅಲ್ಲಿ ಹೊತ್ತು ಹೊತ್ತಿಗೂ ಬಿಸಿಗಾಳಿ ಬೀಸುತ್ತಿತ್ತು. ಶಾಂತಮಲ್ಲಮ್ಮನವರು ಅದನ್ನು ಎರಡನೇ ದಿನವೇ ಕಂಡುಹಿಡಿದು ಅಲ್ಲೊಂದು ಮಂಚ ಹಾಕಿ ಸಂಡಿಗೆ ಒಣಗಿಸತೊಡಗಿದರು. ನೊಣ ಕೂರದ ಹಾಗೆ ಸಂಡಿಗೆಗೆ ಮುಚ್ಚಲು ಆ ಬಲೆ ಬಹಳ ಅನುಕೂಲವಾಯಿತು. ಓಣಿಯ ಹೆಂಗಸರೂ ಹಪ್ಪಳದ ತಟ್ಟೆ ಹಿಡಿದು ಸಾಲು ನಿಂತರು. ಗುಂಡ್ಲುಪೇಟೆಯ ಮೊದಲ ಮನೆ ಏಸಿ ಹೀಗೆ ಒಳಗೆ ಬರೀ ಸದ್ದು ಮಾಡುತ್ತ, ಹೊರಗೆ ಹಪ್ಪಳ ಒಣಗಿಸುತ್ತ, ಊರಿನ ಉಪಕಾರಕ್ಕೆ ನಿಂತಿತು.

ಕೆಲವು ದಿನವಾದ ಮೇಲೆ ಕೌದಿ ಬದಲಾಯಿಸಲು ಮುಚ್ಚಳ ತೆಗೆದಾಗ ಚಿಕ್ಕಮಾದಮ್ಮನ ಕೈಗೆ ಏನೋ ಗಟ್ಟಿಯಾಗಿ ತಾಗಿತು. ಕೌದಿಯನ್ನು ಎಳೆದಳು. ಅದರ ಹಿಂದೆ, ತಗಡಿನ ಮೈಯುದ್ದಕ್ಕೂ, ಬೆಳ್ಳಗೆ, ಹಲಗೆಯಷ್ಟು ದಪ್ಪಕ್ಕೆ ಐಸು ಕಟ್ಟಿತ್ತು. ಗಾಳಿ ಆಡದೆ ಉಸಿರು ಕಟ್ಟಿದ ಮಿಷನ್ನು ಒಳಗೊಳಗೇ ಹೆಪ್ಪುಗಟ್ಟಿತ್ತು, ಅಷ್ಟೇ. ಆದರೆ ಚಿಕ್ಕಮಾದಮ್ಮನ ಕಣ್ಣಿಗೆ ಕಂಡದ್ದೇ ಬೇರೆ.

"ಅವ್ವಾರೇ, ಓಡ್ಬನ್ನಿ! ಸಿಕ್ಬುಡ್ತು! ಶೀತ ಸಿಕ್ಬುಡ್ತು!"

ಇಷ್ಟು ವರ್ಷ ಅವಳು ಹೊಡೆದಾಡುತ್ತಿದ್ದುದು ಕಣ್ಣಿಗೆ ಕಾಣದ ಶತ್ರುವಿನ ಜೊತೆ. ಇದೀಗ ಅದು ಕೈಗೆ ಸಿಕ್ಕಿ, ತಟ್ಟೆಯಲ್ಲಿ ಕೂತು, ನೀರು ಬಿಡುತ್ತಿತ್ತು. ಹಪ್ಪಳ ಹಾಕಲು ಬಂದಿದ್ದ ಹೆಂಗಸರು ಒಳಗೆ ನುಗ್ಗಿ, ಸೆರಗು ಬಾಯಿಗಿಟ್ಟುಕೊಂಡು ನೋಡಿದರು. "ಇಷ್ಟೂ ಕೂಸಿನ ನೆತ್ತಿಗ ಓಯ್ತಿತ್ತು ಕಣ್ರವ್ವ," ಎಂದು ಚಿಕ್ಕಮಾದಮ್ಮ ಒಂದೊಂದು ಚೂರನ್ನೂ ಎತ್ತಿ ತೋರಿಸಿದಳು. ಆಮೇಲೆ ಅದನ್ನು ಕಂಡಕಂಡಲ್ಲಿ ಚೆಲ್ಲುವಂತಿಲ್ಲವಲ್ಲ, ಹಿತ್ತಿಲಿನ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿ, ಮೇಲೆ ಸುಣ್ಣ, ಒಣಮೆಣಸಿನಕಾಯಿ ಹಾಕಿ ಹೂಳಿದಳು. ಆ ವಾರ ಅವಳು ಬಸ್ಸಿನಲ್ಲಿ ಹಂಗಳದವರೆಗೂ ನಿಂತುಕೊಂಡೇ ಮಾತಾಡಿದಳು.

ಇಷ್ಟೆಲ್ಲ ಗೆದ್ದರೂ ಒಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ಕೂಸು ಅಳುತ್ತಿತ್ತು. ಹಸಿವಿನ ಅಳುವಲ್ಲ, ಹೊಟ್ಟೆನೋವಿನ ಅಳುವಲ್ಲ, ಅವೆರಡನ್ನೂ ಅವಳು ಬಾಗಿಲಾಚೆಯಿಂದಲೇ ಗುರುತು ಹಿಡಿಯಬಲ್ಲಳು. ಇದು ಬಿಡದೆ ಎಳೆಯುವ, ಯಾರ ಮೇಲೋ ದೂರು ಹೇಳುವಂಥ ಅಳು. ಕತ್ತಿನ ಮಡಿಕೆಯಲ್ಲಿ, ಬೆನ್ನ ಮೇಲೆ ಕೆಂಪಗೆ ಗುಳ್ಳೆ ಎದ್ದಿದ್ದವು. ಏಳುವುದಿಲ್ಲವೇ ಮತ್ತೆ? ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಕುಲಾವಿ, ಮೈಗೆ ಮೂರು ಸುತ್ತು ಬಟ್ಟೆ, ಮೇಲಿಂದ ಗುಂಡ್ಲುಪೇಟೆಯ ಬೇಸಿಗೆ.

"ಮಾದಜ್ಜಿ, ಆ ಬಟ್ಟೆ ಒಂಚೂರು ಸರ್ಸಜ್ಜಿ. ನಾನೇ ಬೆಂದೋಯ್ತಾ ಇವ್ನಿ," ಎಂದಳು ಕಾವ್ಯಶ್ರೀ ಒಂದು ದಿನ, ಕೆನ್ನೆಯ ಬೆವರು ಒರೆಸಿಕೊಳ್ಳುತ್ತ.

"ಬಾಣ್ತಿ ಬೇಯ್ಬೇಕು ಕಣಮ್ಮಿ. ನಿಮ್ಮವ್ವ ಬೇಯ್ಲಿಲ್ವಾ? ಈಗ ಬೆಂದ್ರ ಮುದ್ಕಿ ಆದ್ಮೇಲ ಸೊಂಟ ಗಟ್ಟಿ ಇರ್ತದ."

ಕಾವ್ಯಶ್ರೀ ಬೀಸಣಿಗೆ ಕೈಗೆತ್ತಿಕೊಂಡಳು. ಗಂಡನಿಗೆ ಫೋನಿನಲ್ಲಿ ಹೇಳಿದರೆ ಒಂದೇ ನಿಮಿಷದ ಕೆಲಸ. ಆದರೆ ಹೇಳಿದ ಗಳಿಗೆಯೇ ಅವನು ಬಂದು ಕರೆದುಕೊಂಡು ಹೋಗುತ್ತಾನೆ, ಅಮ್ಮ ಅಳುತ್ತಾಳೆ, ಮಾದಜ್ಜಿಯ ಮುಖ ನೋಡಲಾಗುವುದಿಲ್ಲ. "ಏಸಿ ಹೇಗಿದೆ?" ಎಂದು ಅವನು ಕೇಳಿದಾಗಲೆಲ್ಲ ಅವಳು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಊಟಿಯಲ್ಲಿ ಇದ್ದ ಹಾಗಿದೆ," ಎನ್ನುತ್ತಿದ್ದಳು.

ಅವನು ಬರುತ್ತಿದ್ದುದು ಭಾನುವಾರ. ಬೀದಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಮನೆಯಲ್ಲಿ ಗಡಿಬಿಡಿ. ಶಾಂತಮಲ್ಲಮ್ಮನವರು ಓಣಿಗೆ ಓಡಿ ಸಂಡಿಗೆಯ ಮೇಲಿನ ಬಲೆ ಕೊಡವಿ ತರುವರು. ಚಿಕ್ಕಮಾದಮ್ಮ ಕೌದಿ ಎಳೆದು, ಐಸು ಕೆರೆದು ಬಕೇಟಿಗೆ ತುಂಬಿ, ಬಲೆ ಸಿಕ್ಕಿಸುವಳು. ಅಗ್ಗಿಷ್ಟಿಕೆ ಹಿತ್ತಿಲಿಗೆ ಹೋಗುವುದು. ಬಸವಪ್ರಸಾದ ಒಳಗೆ ಬರುವ ಹೊತ್ತಿಗೆ ಕೋಣೆ ತಂಪು ಹಿಡಿಯುತ್ತಿರುತ್ತಿತ್ತು. ಬೆಳಗಿನಿಂದ ಕಿರುಚುತ್ತಿದ್ದ ಕೂಸು ಕಣ್ಣು ಮುಚ್ಚಿ, ಬಾಯಿ ತೆರೆದು, ಕಲ್ಲುಗುಂಡಿನಂತೆ ನಿದ್ದೆ ಹೋಗುತ್ತಿತ್ತು.

"ಅಪ್ಪನ ಉಸಿರು ತಾಗಿದ್ದೇ ತಡ, ನೋಡಿ ಹೇಗೆ ಮಲಗಿತು," ಎಂದು ಶಾಂತಮಲ್ಲಮ್ಮನವರು ಬೆರಗಾಗುವರು.

ಚಿಕ್ಕಮಾದಮ್ಮ ಅದನ್ನು ಭಾನುವಾರ ಭಾನುವಾರ ನೋಡಿದಳು. ಅಪ್ಪ ಬಂದರೆ ಮಲಗುತ್ತದೆ, ಅಪ್ಪ ಹೋದರೆ ಅಳುತ್ತದೆ. ಹಂಗಳದ ಮನೆಯಲ್ಲಿ ಮುದ್ದೆ ಮುಂದಿಟ್ಟುಕೊಂಡು ಅದನ್ನೇ ಯೋಚಿಸಿದಳು, ಮುದ್ದೆ ಆರಿಹೋಯಿತು. ಕೂಸಿಗೆ ಏನಾದರೂ ಆದರೆ ಎಂದು ಅವಳಿಗೆ ನಿಜವಾಗಿ ಭಯ ಹತ್ತಿತ್ತು. ಕೊನೆಗೆ ಕಾರಣ ಹೊಳೆಯಿತು. ಮುಂದಿನ ಭಾನುವಾರ ಬಸವಪ್ರಸಾದ ಚಪ್ಪಲಿ ಮೆಟ್ಟುತ್ತಿದ್ದಾಗ ಜಗುಲಿಗೆ ಹೋಗಿ ಕೈ ಮುಗಿದಳು.

"ಬುದ್ಧೀ, ಕೂಸು ನಿಮ್ಮುನ್ನ ಕೇಳ್ತದ. ನೀವಿದ್ರ ಮನಿಕತದ, ಓದ್ರ ಅಳ್ತದ. ವಾರದಲ್ಲಿ ನಡೂಕ ಒಂದ್ಸಲ ಬಂದೋಗಿ ಬುದ್ಧೀ. ಆ ಅಳ ನನ್ ಕೈಲಿ ಕೇಳಕಾಗಕಿಲ್ಲ."

ತನ್ನನ್ನು ಇಷ್ಟು ಹಚ್ಚಿಕೊಂಡಿದೆಯೇ ಇಷ್ಟು ಚಿಕ್ಕ ಕೂಸು! ಬಸವಪ್ರಸಾದ ಬುಧವಾರ ಅಂಗಡಿಗೆ ಮಧ್ಯಾಹ್ನವೇ ಬಾಗಿಲು ಹಾಕಿ, ಒಂದು ಗಿಲಕಿ ಕೊಂಡು, ಸ್ಕೂಟರು ಕೈಕೊಟ್ಟಿದ್ದರಿಂದ ಬಸ್ಸಿನಲ್ಲೇ ಬಂದ. ಸ್ಕೂಟರಿನ ಸದ್ದಿಲ್ಲದೆ ಬಂದ ಎಂಬುದೇ ಇಲ್ಲಿ ಮುಖ್ಯ.

ಬಾಗಿಲು ತಳ್ಳಿದರೆ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿ ಏನೂ ಕಾಣಲಿಲ್ಲ. ಬರೀ ಸದ್ದು. ಏಸಿ ಗುರ್ ಎನ್ನುತ್ತಿತ್ತು, ಕೂಸು ಕಿರುಚುತ್ತಿತ್ತು. ಹೊಗೆ ಸ್ವಲ್ಪ ಸರಿದ ಮೇಲೆ ಕಂಡದ್ದು ಹೀಗೆ: ಓಡುತ್ತಿರುವ ಏಸಿಯ ಕೆಳಗೆ ಅವನ ಹೆಂಡತಿ ಬೆವರಿನಲ್ಲಿ ತೊಯ್ದು ಕೂತು, ತೊಟ್ಟಿಲಲ್ಲಿದ್ದ ಮಗುವಿಗೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಳು. ಮಂಚದ ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಚಿಕ್ಕಮಾದಮ್ಮ ಬೆನ್ನು ತಿರುಗಿಸಿ ಸಾಂಬ್ರಾಣಿ ಹಾಕುತ್ತಿದ್ದಳು.

"ಏಸಿ ಆನ್ ಇದೆಯಾ?" ಎಂದ ಅವನು, ತನ್ನ ಕಣ್ಣನ್ನೇ ನಂಬದೆ.

"ಓಡ್ತಾ ಅದ ಬುದ್ಧೀ, ಕೇಳ್ಸ್ತಾ ಇಲ್ವಾ?" ಎಂದಳು ಚಿಕ್ಕಮಾದಮ್ಮ, ಅವನ ದನಿಗೆ ಬೆಚ್ಚಿ ತಿರುಗಿ.

ಅವನು ಕೈಯೊಡ್ಡಿದ. ಗಾಳಿಯಿಲ್ಲ. ಮುಚ್ಚಳ ಕಿತ್ತ. ಕೌದಿ ಧೊಪ್ಪನೆ ಬಿತ್ತು, ಬೆಳ್ಳುಳ್ಳಿ ಸಿಪ್ಪೆ ಅವನ ಇಸ್ತ್ರಿ ಅಂಗಿಯ ಮೇಲೆಲ್ಲ ಉದುರಿತು, ಹಿಂದೆಯೇ ಐಸಿನ ಒಂದು ಹಲಗೆ ಜಾರಿ ಅವನ ಕಾಲಬೆರಳ ಮೇಲೆ ಬಿತ್ತು.

"ಏನಿದು?"

"ಫಿಲ್ಟ್ರು, ಬುದ್ಧೀ."

"ನಾನು ತೋರಿಸಿದ ಫಿಲ್ಟರ್ ಎಲ್ಲಿ?"

ಬಾಗಿಲಲ್ಲಿ ನಿಂತಿದ್ದ ಶಾಂತಮಲ್ಲಪ್ಪನವರು, "ಸಂಡಿಗೆ ಮೇಲಿದೆ," ಎಂದರು.

"ನೀವೇ ಯೋಳಿದ್ರಲ್ಲ ಬುದ್ಧೀ," ಚಿಕ್ಕಮಾದಮ್ಮ ಧೈರ್ಯ ತಂದುಕೊಂಡು ಐಸಿನ ಕಡೆ ಬೆರಳು ತೋರಿಸಿದಳು. "ಕೂಸ್ಗ ಆಗ್ದೆ ಇರೋದೆಲ್ಲ ಫಿಲ್ಟ್ರಲ್ಲಿ ನಿಲ್ತದ ಅಂತ. ನಿಂತದ ನೋಡಿ. ನಿಮ್ ಬಲೇಲಿ ನಿಂತಿತ್ತಾ ಇದು?"

ಎಂಥೆಂಥ ಗಿರಾಕಿಗಳಿಗೋ ಉತ್ತರ ಕೊಟ್ಟಿದ್ದ ಬಸವಪ್ರಸಾದ ಕಾಲಬೆರಳು ಉಜ್ಜಿಕೊಂಡ. ಅವನ ಕಣ್ಣು ಮಗುವಿನ ಕತ್ತಿನ ಮೇಲೆ ಹೋಯಿತು. ಗುಳ್ಳೆ ನೋಡಿದ. "ಸಾಕು. ಬಟ್ಟೆಬರೆ ಕಟ್ಟು ಕಾವ್ಯಾ, ಈಗಲೇ ನಗರಕ್ಕೆ ಹೋಗೋಣ. ಮಾವ, ಒಂದು ಟ್ಯಾಕ್ಸಿ ಹೇಳಿ."

ಕಾವ್ಯಶ್ರೀ ಅಳತೊಡಗಿದಳು. ಶಾಂತಮಲ್ಲಮ್ಮನವರೂ ಅತ್ತರು. ಅಳುವಿನ ಮಧ್ಯೆಯೇ, "ನಂಗೇನು ಗೊತ್ತು, ಎಲ್ಲ ಈ ಮಾದಮ್ಮ ಹೇಳಿದ ಹಾಗೆ ಮಾಡಿದೆ," ಎಂದು ಕೈ ತೊಳೆದುಕೊಂಡರು. ಚಿಕ್ಕಮಾದಮ್ಮ ಬಿದ್ದಿದ್ದ ಕೌದಿಯನ್ನು ಎತ್ತಿ ಎದೆಗವಚಿಕೊಂಡು ಮೂಲೆಗೆ ಸರಿದಳು. ಅವಳಿಗೆ ಆಗ ಕಂಡದ್ದು ಒಂದೇ. ನಾಳೆ ಬೆಳಿಗ್ಗೆ ಈ ಕೂಸು ಬೇರೆ ಯಾರದೋ ಕಾಲ ಮೇಲೆ ಮಲಗುತ್ತದೆ.

ಟ್ಯಾಕ್ಸಿ ಬರುವ ತನಕ ಬಸವಪ್ರಸಾದನಿಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಅಂಗಡಿಯವನ ಕೈ ನೋಡಿ, ಕೆಟ್ಟ ಸಾಮಾನನ್ನು ಹಾಗೇ ಬಿಟ್ಟು ಹೋಗಲಾರದು. ಅಗ್ಗಿಷ್ಟಿಕೆ ಹೊರಗೆಸೆದ. ಐಸು ಕರಗುವ ತನಕ ಏಸಿಯ ಫ್ಯಾನು ಮಾತ್ರ ಬಿಟ್ಟು, ಕೆಳಗೆ ಬಕೇಟು ಹಿಡಿದ. ಸಂಡಿಗೆಯ ಚೂರು ಮೆತ್ತಿದ್ದ ಬಲೆಯನ್ನು ಬಚ್ಚಲಲ್ಲಿ ತಾನೇ ತೊಳೆದು, ಕೊಡವಿ, ಅದರ ಜಾಗಕ್ಕೆ ಜಾರಿಸಿದ. ಮಗುವಿನ ಕುಲಾವಿ ತೆಗೆಸಿ, ಬಟ್ಟೆ ಸಡಿಲಿಸಿ, ಸ್ವಿಚ್ಚು ತಿರುಗಿಸಿದ.

ಮೊದಲ ತಂಪು ತೊಟ್ಟಿಲಿಗೆ ತಾಗಿದ ಸ್ವಲ್ಪ ಹೊತ್ತಿಗೆ ಕೂಸಿನ ಅಳು ಅರ್ಧ ದಾರಿಯಲ್ಲೇ ನಿಂತಿತು. ಎರಡು ಸಲ ಬಿಕ್ಕಿ, ಮುಷ್ಟಿ ಬಿಚ್ಚಿ, ನಿದ್ದೆ ಹೋಯಿತು.

"ಅಪ್ಪ ಬಂದ್ರಲ್ಲ, ಅದ್ಕೇಯ," ಎಂದಳು ಚಿಕ್ಕಮಾದಮ್ಮ ಮೂಲೆಯಿಂದ, ಮೆಲ್ಲಗೆ.

ಅಪ್ಪ ಟ್ಯಾಕ್ಸಿ ನೋಡಲು ಬೀದಿಗೆ ಹೋದ. ಕೂಸು ಮಲಗಿಯೇ ಇತ್ತು. ಒಳಗೆ ಬಂದು ಮತ್ತೆ ಹೊರಗೆ ಹೋದ. ಮಲಗಿಯೇ ಇತ್ತು. ಚಿಕ್ಕಮಾದಮ್ಮ ಬಾಗಿಲನ್ನೂ ನೋಡಿದಳು, ತೊಟ್ಟಿಲನ್ನೂ ನೋಡಿದಳು. ಹತ್ತಿರ ಬಂದು ಬಗ್ಗಿ, ಕೂಸಿನ ಅಂಗಾಲಿಗೆ ತನ್ನ ಕೆನ್ನೆ ಒತ್ತಿದಳು. ಬೆಚ್ಚಗಿತ್ತು, ಕುದಿಯುತ್ತಿರಲಿಲ್ಲ. ಕತ್ತಿನ ಗುಳ್ಳೆಗಳ ಕೆಂಪು ತುಸು ಇಳಿದಂತಿತ್ತು. ಇಷ್ಟು ದಿನ ಆ ಅಳು ಯಾರ ಮೇಲೆ ದೂರು ಹೇಳುತ್ತಿತ್ತು ಎಂಬುದು ಅವಳಿಗೆ ಆಗ ತಿಳಿಯಿತು.

ಹೊರಗೆ ಟ್ಯಾಕ್ಸಿಯ ಹಾರನ್ ಆಯಿತು. ಬಸವಪ್ರಸಾದ ಬಂದು ಕೂಸನ್ನು ಎತ್ತಿಕೊಳ್ಳಲು ಬಗ್ಗಿದ. ಕೂಸು ನಿದ್ದೆಯಲ್ಲೇ ಮೂಗು ಮೇಲೆಳೆದು, ಮುಖ ಕಿವುಚಿ, ಸ್ಪಷ್ಟವಾಗಿ, ಓಣಿಯವರೆಗೂ ಕೇಳುವಂತೆ ಸೀನಿತು.

ಬಸವಪ್ರಸಾದನ ಕೈ ಗಾಳಿಯಲ್ಲೇ ನಿಂತಿತು, ಮುಖದ ಬಣ್ಣ ಇಳಿಯಿತು. ಜಿಲ್ಲೆ, ಅಂಗಡಿ, ಏಸಿ ಎಲ್ಲ ಆ ಒಂದು ಸೀನಿಗೆ ಹಾರಿಹೋಗಿ, ಅಲ್ಲಿ ಉಳಿದವನು ಚೊಚ್ಚಲ ಕೂಸಿನ ಅಪ್ಪ ಮಾತ್ರ. "ಸೀನಿತಾ?" ಎಂದ. "ಏಸಿಯಿಂದಾನಾ? ಶೀತ ಆಯ್ತಾ ಅಜ್ಜಿ?"

ಎಲ್ಲರೂ ಚಿಕ್ಕಮಾದಮ್ಮನ ಮುಖ ನೋಡಿದರು. ಹೂಂ ಎಂದರೆ ಮುಗಿಯಿತು. ಏಸಿ ಇಳಿಯುತ್ತದೆ, ಕಿಟಕಿಗೆ ಮತ್ತೆ ಪೇಪರು ಹತ್ತುತ್ತದೆ, ಈ ಹೆದರಿದ ಹುಡುಗ ಅವಳ ಕಾಲಿಗೆ ಬಿದ್ದು ಹೆಂಡತಿ ಮಗುವನ್ನು ಇಲ್ಲೇ ಬಿಟ್ಟು ಹೋಗುತ್ತಾನೆ. ಜೀವಮಾನವಿಡೀ ಅವಳು ಹೇಳಿಕೊಂಡು ಬಂದದ್ದೆಲ್ಲ ನಿಜವಾಗುತ್ತದೆ. ಅವಳು ಹಾಯಾಗಿ ಮಲಗಿದ್ದ ಕೂಸನ್ನು ಇನ್ನೊಮ್ಮೆ ನೋಡಿದಳು.

"ಇಲ್ಲ ಬುದ್ಧೀ," ಎಂದಳು. "ಸೀನ್ಲಿಲ್ಲ. ನಗ್ತು."

"ನಗ್ತಾ?"

"ಊಂ. ತಂಪಾಯ್ತಲ್ಲ, ಅದ್ಕ ನಗ್ತು. ನಗ ಮೂಗಲ್ಲಿ ಬಂತು."

ಬಸವಪ್ರಸಾದ ಮಂಚದ ತುದಿಯಲ್ಲಿ ಕುಸಿದು ಕೂತ. ಅವನಿಗೂ ಅವಳಿಗೂ ನಡುವೆ ಏಸಿ ಗುರ್ ಎನ್ನುತ್ತಿತ್ತು. ಅವನು, "ಆ ಬಲೇನ ವಾರ ವಾರ ಯಾರು ತೊಳೀತಾರೆ ಅಜ್ಜಿ?" ಎಂದು ಕೇಳಿದ.

"ನಾನೇ ತೊಳೀತಿನಿ ಬುದ್ಧೀ. ಸಂಡಿಗ ಮುಚ್ಚಕ ಕೊಡಕಿಲ್ಲ."

ಅವನು ಮಾವನ ಕಡೆ ತಿರುಗಿ, ಟ್ಯಾಕ್ಸಿ ಕಳಿಸಿಬಿಡಿ ಎಂದ. ಕಾವ್ಯಶ್ರೀ ಮೂಗು ಒರೆಸಿಕೊಂಡು, "ಮಾದಜ್ಜಿ, ಬಾ, ಇಲ್ಲಿ ಕೂತ್ಕ," ಎಂದು ಮಂಚದ ಪಕ್ಕ ಜಾಗ ಮಾಡಿದಳು. ಚಿಕ್ಕಮಾದಮ್ಮ ಕೌದಿಯ ಹೊಲಿಗೆ ಬಿಚ್ಚಿ, ಉಳಿದಿದ್ದ ಬೆಳ್ಳುಳ್ಳಿ ಸಿಪ್ಪೆ ಕೊಡವಿ, ಆ ಹಳೆಯ ಸೀರೆಯನ್ನು ತನ್ನ ಎರಡೂ ಕಿವಿ ಮುಚ್ಚುವ ಹಾಗೆ ತಲೆಗೆ ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ ಏಸಿಯ ಎದುರಿಗೇ ಹೋಗಿ ಕೂತು ತೊಟ್ಟಿಲು ತೂಗಿದಳು.